ಸಹಾಯ ಬೇಕು: ಆರ್‌ಎಕ್ಸ್ 100 ಇಗ್ನಿಷನ್ ಸ್ವಿಚ್ ಜೋಡಿಸಿದ ಮೇಲೆ ಕೀ ಆಫ್ ಮಾಡಿದರೂ ಎಂಜಿನ್ ನಿಲ್ತಿಲ್ಲ

ಎಲ್ಲರಿಗೂ ನಮಸ್ಕಾರ. ಗಾಡಿ ಯಮಹಾ ಆರ್‌ಎಕ್ಸ್ 100, ಸ್ವಿಚ್ ಒರಿಜಿನಲ್. ಬಿಚ್ಚಿ, ಹಿತ್ತಾಳೆ ಕಾಂಟ್ಯಾಕ್ಟ್‌ಗಳ ಹಸಿರು ಕಿಲುಬು ತೆಗೆದು ಮತ್ತೆ ಜೋಡಿಸಿದ್ದಾಯ್ತು. ಆನ್‌ನಲ್ಲಿ ಹಾರ್ನ್, ಇಂಡಿಕೇಟರ್ ಸರಿ ಇವೆ. ಆದರೆ ಕೀ ಕೈಗೆ ತಗೊಂಡರೂ ಎಂಜಿನ್ ಓಡ್ತಾನೇ ಇರುತ್ತೆ.

ಸ್ವಿಚ್ಚಿನ ವೈರುಗಳ ಕಪ್ಲರ್ (ಜೋಡಣೆ ಪ್ಲಗ್) ಕಳಚಿ, ಎರಡು ವೈರು ಒಳಗೆ ಕೂಡಿದ್ದರೆ ಸದ್ದು ಮಾಡೋ ಮಲ್ಟಿಮೀಟರ್ ಬೀಪ್‌ನಲ್ಲಿ ನೋಡಿದೆ (ಕಳಚದೆ ನೋಡಿದರೆ ಸಿಡಿಐ (ಸ್ಪಾರ್ಕ್ ಕೊಡೋ ಎಲೆಕ್ಟ್ರಾನಿಕ್ ಯೂನಿಟ್), ಕಾಯಿಲ್ ಕಡೆಯಿಂದ ದಾರಿ ತಪ್ಪಿಸೋ ರೀಡಿಂಗ್ ಬರುತ್ತೆ). ಆನ್‌ನಲ್ಲಿ ಕೆಂಪು, ಕಂದು ಎರಡೂ ಕೂಡುತ್ತವೆ. ಆಫ್‌ನಲ್ಲಿ ಬಿಳಿ ಗೆರೆಯ ಕಪ್ಪು ವೈರು ಬರೀ ಕಪ್ಪು ವೈರಿಗೆ (ಅರ್ಥ್) ಕೂಡಬೇಕು, ಕೂಡ್ತಿಲ್ಲ. ಅದು ಅರ್ಥ್ ಆಗದಿದ್ದರೆ ಎಂಜಿನ್ ತಿರುಗುವಾಗ ಮ್ಯಾಗ್ನೆಟ್‌ನಿಂದ ಬರೋ ಕರೆಂಟಲ್ಲಿ ಓಡೋ ಸಿಡಿಐ ಸ್ಪಾರ್ಕ್ ಕೊಡ್ತಾನೇ ಇರುತ್ತೆ. ಬ್ಯಾಟರಿ ತೆಗೆದರೂ ಪ್ರಯೋಜನ ಇಲ್ಲ.

ಕೀಯನ್ನು ಆಫ್ ದಾಟಿ ಒಂದು ಕೂದಲೆಳೆಯಷ್ಟು ಹಿಂದಕ್ಕೆ ಒತ್ತಿ ಹಿಡಿದರೆ ಮಾತ್ರ ಬೀಪ್ ಬರುತ್ತೆ, ಕೈ ಬಿಟ್ಟರೆ ಹೋಗುತ್ತೆ. ಹಾಗಾಗಿ ಕಾಂಟ್ಯಾಕ್ಟ್ ಪ್ಲೇಟ್ 180 ಡಿಗ್ರಿ ತಿರುಗಿ ಕೂತಿಲ್ಲ ಅನ್ಸುತ್ತೆ. ತಿರುಗಿ ಕೂತಿದ್ದರೆ ಆನ್ ಕೂಡ ಕೆಟ್ಟಿರಬೇಕಿತ್ತು. ಅನುಮಾನ ಇರೋದು ಕೀಯನ್ನು ಆನ್, ಆಫ್ ಜಾಗದಲ್ಲಿ 'ಟಕ್' ಅಂತ ಕೂರಿಸೋ ಸ್ಟೀಲ್ ಗೋಲಿ ಮೇಲೆ. ಬಿಚ್ಚುವಾಗ ಸ್ಪ್ರಿಂಗ್ ಸಮೇತ ಚಿಮ್ಮಿ ಹೋಯ್ತು, ಈಗಿರೋದು ಸೈಕಲ್ ಬೇರಿಂಗ್ ಗೋಲಿ. (ಬಿಚ್ಚೋರು ಸ್ವಿಚ್ಚನ್ನು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡೇ ಬಿಚ್ಚಿ.)

ಒರಿಜಿನಲ್ ಗೋಲಿ ಎಷ್ಟು ಮಿಲಿಮೀಟರ್? ಪ್ಲೇಟಿನ ಕೆಳಗೆ ಸ್ಪ್ರಿಂಗ್ ಎಷ್ಟು ಬರಬೇಕು? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಿಂದಿನ ಕಾಂಟ್ಯಾಕ್ಟ್ ಬೇಸ್ ಮಾತ್ರ ಬಿಡಿಯಾಗಿ ಸಿಗುತ್ತಾ? ಪೂರ್ತಿ ಸೆಟ್ ಹಾಕಿದರೆ ಕೀ ಬದಲಾಗುತ್ತೆ, ಅದು ಬೇಡ. ಬಿಚ್ಚಿದ ಸ್ವಿಚ್ಚಿನ ಫೋಟೊ ಇದ್ದವರು ದಯವಿಟ್ಟು ಹಾಕಿ.