ಅಪ್‌ಡೇಟ್: ಆಯಿಲ್ ಮನೆಯಲ್ಲಿ, ಬ್ರೇಕ್ ಗ್ಯಾರೇಜಿನಲ್ಲಿ

ವಾರಂಟಿ ಮುಗಿದ ಪೆಟ್ರೋಲ್ ಕಾರಿನ ಸರ್ವಿಸನ್ನು ನಾನೇ ಮಾಡಿಕೊಳ್ಳಬಹುದೇ, ಗ್ಯಾರೇಜಿಗೇ ಕೊಡಬೇಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆಗಳು. ಎಂಜಿನ್ ಆಯಿಲ್ ಮತ್ತು ಆಯಿಲ್, ಏರ್ ಎರಡೂ ಫಿಲ್ಟರ್‌ಗಳನ್ನು ಕಲಬುರಗಿಯ ನಮ್ಮ ಮನೆಯಂಗಳದಲ್ಲೇ ಬದಲಿಸಿದೆ. ಹಳೆಯ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಆಯಿಲ್ ಫಿಲ್ಟರಿನ ರಬ್ಬರ್ ರಿಂಗಿಗೆ ಬೆರಳಿನಿಂದ ತುಸು ಆಯಿಲ್ ಸವರಿ, ಪಾನಾ ಬಳಸದೆ ಕೈಯಿಂದಲೇ ಬಿಗಿಮಾಡಿ ಎಂಜಿನ್ ಚಾಲೂ ಮಾಡಿದಾಗ ಒಂದು ಹನಿಯೂ ಸೋರಲಿಲ್ಲ. ಏರ್ ಫಿಲ್ಟರಿನ ಮಡಿಕೆಗಳಲ್ಲಿ ಮಾತ್ರ ಬೂದಿಯಂಥ ಧೂಳು ತುಂಬಿತ್ತು. ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ, ವಾಡಿ ಕಡೆ ಓಡಾಡುವವರು ಕಂಪನಿ ಪುಸ್ತಕದ ಅವಧಿಗೆ ಕಾಯದೆ ಅದನ್ನು ತೆಗೆದು ನೋಡುವುದು ಒಳ್ಳೆಯದು. ಬ್ರೇಕ್ ಆಯಿಲ್ ಬದಲಿಸಿ ಅದರ ಪೈಪುಗಳಲ್ಲಿ ಸೇರಿದ ಗಾಳಿ ತೆಗೆಯಲು ಪೆಡಲ್ ಒತ್ತುವ ಇನ್ನೊಬ್ಬರು ಬೇಕಾದ್ದರಿಂದ, ಅಲ್ಲಿ ಪ್ರಯೋಗ ಸಲ್ಲದೆಂದು ಆ ಕೆಲಸವನ್ನು ಗ್ಯಾರೇಜಿಗೇ ಒಪ್ಪಿಸಿದೆ. ಹಳೆಯ ಆಯಿಲನ್ನೂ ಚರಂಡಿಗೆ ಸುರಿಯದೆ ಅವರ ಡ್ರಮ್ಮಿಗೇ ಕೊಟ್ಟಿದ್ದೇನೆ.