ಟೈಲ್ಸ್ ಹಾಕಿದ ಹಾಲ್‌ಗೆ ಆಡಿಸ್ಸಿನಾ, ಡಿರಾಕಾ? ಅನುಭವ ಇದ್ದೋರು ಹೇಳಿ

ಮೈಸೂರು ಹಾಲ್:
ನಮಸ್ಕಾರ. ನಮ್ಮ ಹಾಲ್ 14 ಅಡಿ ಉದ್ದ, 12 ಅಡಿ ಅಗಲ, ವಿಟ್ರಿಫೈಡ್ ಟೈಲ್ಸ್, ಒಂದು ಕಡೆ ಪೂರ್ತಿ ಗಾಜಿನ ಕಿಟಕಿ. 5.1 ಸ್ಪೀಕರ್ ಸೆಟ್ ಆಗಲೇ ಇದೆ, ಅವಕ್ಕೆ ಸದ್ದು ಕೊಡ್ತಿದ್ದ ಆಂಪ್ಲಿಫೈಯರ್, ಅಂದ್ರೆ ಹಳೇ ರಿಸೀವರ್ ಸತ್ತಿದೆ. 1.25 ಲಕ್ಷದೊಳಗೆ ರೂಮ್ ಕರೆಕ್ಷನ್ (ಮೈಕ್ ಇಟ್ಟು ಅಳೆದು ರೂಮಿಗೆ ತಕ್ಕಂತೆ ಸದ್ದು ತಿದ್ದೋದು) ಚೆನ್ನಾಗಿರೋದು ಬೇಕು. ಅದಕ್ಕೆ ಆಡಿಸ್ಸಿ ಎಕ್ಸ್‌ಟಿ32 ಸಾಫ್ಟ್‌ವೇರ್ ಸಾಕಾ, ಡಿರಾಕ್ ಇರೋದಕ್ಕೆ ಇನ್ನೊಂದಿಷ್ಟು ಹೊಂದಿಸಲಾ? ಸಿನಿಮಾದಲ್ಲಿ ಮಾತು ಕೇಳಿಸಲ್ಲ, ಸಬ್ (ಬೇಸ್ ಸ್ಪೀಕರ್) ಮಾತ್ರ ಗುಂಯ್ ಅನ್ನುತ್ತೆ.

ಮೂರನೇ ಮಹಡಿ:
ಬಾಸ್, ನನ್ನ ಕಥೆ ಕೇಳಿ. 2022ರಲ್ಲಿ ಎಕ್ಸ್‌ಟಿ32 ಇರೋ ಡೆನನ್ ತಗೊಂಡೆ, 1,18,000. ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ಆಡಿಸ್ಸಿ ಆ್ಯಪ್‌ಗೆ ಬೇರೆ ಸಾವಿರದ ಏಳುನೂರು ಚಿಲ್ಲರೆ. ಪೆಟ್ಟಿಗೇಲಿ ಬರೋ ರಟ್ಟಿನ ಸ್ಟ್ಯಾಂಡ್ ಸೋಫಾ ಮೇಲೆ ನಿಲ್ಲಲ್ಲ, ಮೈಕ್ ಸ್ಟ್ಯಾಂಡ್‌ಗೆ 950. ಆಮೇಲೆ ರಿಸೀವರ್ ಹೇಳಿದ್ದು ನಿಜಾನಾ ಅಂತ ನೋಡೋ ಚಟ ಹತ್ತಿ ಸದ್ದು ಅಳೆಯೋ ಯುಮಿಕ್ ಮೈಕ್ ತರಿಸಿದೆ, ಕಸ್ಟಮ್ಸ್ ಸೇರಿ 13,400. ಈ ಕೊನೇ ಲೆಕ್ಕ ಮನೇಲಿ ಇನ್ನೂ ಗೊತ್ತಿಲ್ಲ.

ಎಂಟು ಜಾಗದಲ್ಲಿ ಮೈಕ್ ಇಟ್ಟು ಅಳೀಬೇಕಲ್ಲ, ರಸ್ತೆ ಗಲಾಟೆ ತಪ್ಪಿಸೋಕೆ ರಾತ್ರಿ ಎರಡಕ್ಕೆ ಎದ್ದು ಕೂತೆ. ಚುಯ್ಯ್ ಅಂತ ಸ್ಪೀಕರಿಂದ ಅಳತೆಯ ಸದ್ದು ಶುರುವಾಗಿದ್ದೇ ತಡ, ಕೆಳಗಿನ ಮನೆಯವರು ಬಂದು ಬಾಗಿಲು ಬಡಿದರು. ಸರಿ, ಭಾನುವಾರ ಬೆಳಿಗ್ಗೆ ಮತ್ತೆ. ಏಳನೇ ಜಾಗ, ಬಲಗಡೆ ಸರೌಂಡ್ ಸ್ಪೀಕರ್ ಸರದಿ, ಕುಕ್ಕರ್ ಸೀಟಿ ಹೊಡೀತು. ಸುತ್ತಲ ಸದ್ದು ಜಾಸ್ತಿ ಅಂತ ಟಿವಿ ಮೇಲೆ ಬಂತು. ಹೀಗೇ ನಾಲ್ಕು ಭಾನುವಾರ. ಆದರೆ 2 ಕಿಲೋಹರ್ಟ್ಸ್ ಹತ್ತಿರ ಆಡಿಸ್ಸಿ ತಾನಾಗಿ ಸದ್ದು ತಗ್ಗಿಸಿ ತೋಡೋ ಹಳ್ಳಾನ ಆ್ಯಪಲ್ಲಿ ಆಫ್ ಮಾಡಿದ ದಿನ ಮಾತು ಮುಂದೆ ಬಂತು ನೋಡಿ! ಇನ್ನೊಂದು: ಸಬ್ 11 ಅಡಿ ದೂರ ಇದ್ದರೆ 17 ಅಂತ ತೋರಿಸುತ್ತೆ. ಸಬ್ ಒಳಗಿನ ಸರ್ಕ್ಯೂಟ್ ಮಾಡೋ ತಡಾನೂ ಸೇರಿಸಿ ಹೇಳೋ ಲೆಕ್ಕ ಅದು, ಮುಟ್ಟಬೇಡಿ. ನಾನು ಟೇಪ್ ಹಿಡಿದು "ಸರಿ" ಮಾಡಿ ಆರು ತಿಂಗಳು ಕೆಟ್ಟ ಬೇಸ್ ಕೇಳಿದೀನಿ. ಆಡಿಸ್ಸಿ ತಗೊಳ್ಳಿ, ಆ್ಯಪ್ ಸಮೇತ.

ಹುಬ್ಬಳ್ಳಿ ಜಮಖಾನ:
ಇಷ್ಟೆಲ್ಲಾ ರೊಕ್ಕ ಸುರದು ಸಬ್ ಎಲ್ಲಿ ಇಟ್ಟೀರಿ, ಅದನ್ನ ಹೇಳ್ರಿ ಮೊದಲ. ನಾ 16,000ಕ್ಕ ಸೆಕೆಂಡ್ ಹ್ಯಾಂಡ್ ಯಮಾಹಾ ತಗೊಂಡೀನಿ. ಅದರಾಗಿನ ರೂಮ್ ಕರೆಕ್ಷನ್, ವೈಪಾವೊ, ಒಂದ ಸಲ ಓಡಿಸೀನಿ, ಮುಗೀತು. ಸಬ್ ಎತ್ತಿ ನಾ ಕುಂಡ್ರೂ ಜಾಗಾದಾಗ ಸೋಫಾ ಮ್ಯಾಲೆ ಇಟ್ಟು, ಮೊಣಕಾಲೂರಿ ಗ್ವಾಡಿಗುಂಟ ಹರದಾಡೀನಿ. ಬೇಸ್ ಎಲ್ಲಿ ಸಮ ಕೇಳಸ್ತೈತಿ, ಅಲ್ಲೇ ಸಬ್ಬಿನ ಜಾಗ. ನಮ್ಮವ್ವ ಹುಡುಗಗ ಏನರೆ ಆಗೇತಿ ಅಂತ ಸಂಜಿಕ ದೃಷ್ಟಿ ತಗದ್ಲು. ನೆಲಕ್ಕ ನವಲಗುಂದದ ಜಮಖಾನ ಹಾಸೀನಿ. ಟೈಲ್ಸಿಗೆ ಹೊಡದು ಬರೂ ಸದ್ದಿಗೆ ನಿಮ್ಮ ಕಂಪ್ಯೂಟರ್ ಏನ್ ಮಾಡ್ತೈತ್ರಿ?

ಮೂರನೇ ಮಹಡಿ:
ಜಮಖಾನ ಕಾಲಿಂಚು ದಪ್ಪ. 14 ಅಡಿ ಹಾಲಲ್ಲಿ ಉದ್ದಕ್ಕೆ ಗುಂಯ್ ಅನ್ನೋದು 40 ಹರ್ಟ್ಸ್ ಹತ್ತಿರ, ಅದರ ಅಲೆ 28 ಅಡಿ ಉದ್ದ. ನಿಮ್ಮ ಜಮಖಾನ ಇದೆ ಅಂತಾನೂ ಅದಕ್ಕೆ ಗೊತ್ತಾಗಲ್ಲ. ಚಪ್ಪಾಳೆ ಹೊಡೆದರೆ ಠಣ್ ಅನ್ನೋದು ಕಡಿಮೆಯಾಗುತ್ತೆ, ಅಷ್ಟೇ.

ಹುಬ್ಬಳ್ಳಿ ಜಮಖಾನ:
ಅವರು ಮಾತ ಕೇಳಸ್ವಲ್ದು ಅಂದಾರ. ಮಾತ 40 ಹರ್ಟ್ಸ್‌ನ್ಯಾಗ ಇರ್ತೈತೇನ್ರಿ? ಠಣ್ ಅನ್ನೂದ ಅವರ ತ್ರಾಸ. ಇನ್ನ ಸೋಫಾ ಹಾಲಿನ ನಟ್ಟನಡುವ ಇತ್ತಂದ್ರ ಆ 40 ಹರ್ಟ್ಸ್ ಅಲ್ಲಿ ಸತ್ತಿರ್ತೈತಿ. ಸತ್ತದ್ದನ್ನ ಎಬ್ಬಸಾಕ ಆಡಿಸ್ಸಿ 9 ಡೆಸಿಬೆಲ್ ಏರಸ್ತೈತಿ, ಅಂದ್ರ ಆಂಪ್ ಎಂಟ್ ಪಟ್ಟು ದುಡೀಬೇಕು, ಆದ್ರೂ ಅದು ಏಳಂಗಿಲ್ಲ. ಸೋಫಾ ಎರಡಡಿ ಹಿಂದ ಸರಸ್ರಿ. ಪುಕ್ಕಟ.

ನ್ಯೂಜೆರ್ಸಿಯಿಂದ:
ನೀವಿಬ್ಬರೂ ಡಿರಾಕ್ ಕೇಳೇ ಇಲ್ಲ ಅನ್ಸುತ್ತೆ. ನನ್ನ ಹತ್ತಿರ ಇರೋದು ಆಂಕಿಯೊ ಆರ್‌ಝಡ್50 ರಿಸೀವರ್, ಡಿರಾಕ್ ಲೈಸೆನ್ಸ್ ಅದರ ಜೊತೆಗೇ ಬಂತು. ಡೆನನ್‌ಗೆ ನಾನು ನೋಡಿದಾಗ ಬೇರೆ ಕೊಳ್ಳಬೇಕಿತ್ತು: 500 ಹರ್ಟ್ಸ್‌ವರೆಗೆ ಮಾತ್ರ ತಿದ್ದೋದು 259 ಡಾಲರ್, ಪೂರ್ತಿಯದ್ದು 349. ಲ್ಯಾಪ್‌ಟಾಪಲ್ಲಿ ಯಾವ ಸ್ವರ ಎಷ್ಟು ಜೋರಿರಬೇಕು ಅನ್ನೋ ಕರ್ವ್ ನಾವೇ ಎಳೀಬಹುದು, ಎಲ್ಲಿವರೆಗೆ ತಿದ್ದಬೇಕು ಅನ್ನೋದೂ ನಮ್ಮ ಕೈಲಿ.

ಆ ಖುಷೀಲೇ ದಾವಣಗೆರೆಯ ಭಾವನಿಗೂ ಒಂದು ರಿಫರ್ಬಿಶ್ಡ್ ರಿಸೀವರ್ ಹೊತ್ತುಕೊಂಡು ಹೋದೆ. 14 ಕೆಜಿ. ಅದಕ್ಕೋಸ್ಕರ ಅತ್ತೆಗೆ ತಂದಿದ್ದ ಪಾತ್ರೆಗಳನ್ನ ಸೂಟ್‌ಕೇಸಿಂದ ತೆಗೆದಿಟ್ಟಿದ್ದೆ. ಏರ್‌ಪೋರ್ಟಲ್ಲಿ ಡ್ಯೂಟಿ 13,200. ಅಲ್ಲಿನದ್ದು 120 ವೋಲ್ಟ್ ಅಲ್ವಾ, 1,000 ವ್ಯಾಟಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ 4,800. ಮೂರನೇ ವಾರ ನೆಲ ಒರೆಸೋಕೆ ಅಂತ ಎಲ್ಲ ಸರಿಸಿದ್ದಾರೆ, ಆಮೇಲೆ ಯಾರೋ ನೇರ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದ್ದಾರೆ. ಒಂದೇ ಸಲ ಟಪ್ ಅಂತಂತೆ. ಯುಗಾದಿಗೂ ಭಾವ ಫೋನ್ ಮಾಡಲಿಲ್ಲ.

ಮೂರನೇ ಮಹಡಿ:
ಇಲ್ಲಿ ವಾರಂಟಿ ಇಲ್ಲದ ಮಾಲು ತರೋ ಸಲಹೆ ಕೊಡಬೇಡಿ ಸಾರ್. ಅಲ್ಲಿ ಕೂತು ಡಾಲರಲ್ಲಿ ಲೆಕ್ಕ ಹೇಳೋದು ಸುಲಭ.

ನ್ಯೂಜೆರ್ಸಿಯಿಂದ:
ಸಲಹೆ ಎಲ್ಲಿ ಕೊಟ್ಟೆ? ಸುಟ್ಟ ಕಥೆ ಹೇಳಿದೆ. ನೀವು ಟೇಪ್ ಹಿಡಿದ ಕಥೆ ಹೇಳಿದ ಹಾಗೆ.

ಪುತ್ತೂರು ತೋಟದಮನೆ:
ನಿಮಗೆಲ್ಲ ಕರ್ವಿನ ಚಿಂತೆ ಮಾರಾಯ್ರೆ, ನಮಗೆ ಸಿಡಿಲಿನದ್ದು. ಹೋದ ವರ್ಷ ಏಪ್ರಿಲಿನ ಮಳೆಗೆ ಪ್ಲಗ್ ತೆಗೆದಿದ್ದೆ, ಡಿಶ್ ಕೇಬಲ್ ತೆಗೀಲಿಕ್ಕೆ ಮರೆತುಹೋಯ್ತು. ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಹಿಡಿದು ರಿಸೀವರಿಗೆ. ಲೈಟ್ ಬರ್ತದೆ, ಎಫ್‌ಎಂ ಹಾಡ್ತದೆ, ಎಚ್‌ಡಿಎಂಐ ಒಂದೂ ಇಲ್ಲ. ಸರ್ವಿಸಿನವರು ಮಂಗಳೂರಿಗೆ ತನ್ನಿ ಅಂದರು, ಮಂಗಳೂರಿನವರು ಬೆಂಗಳೂರಿಗೆ ಕಳಿಸಿದರು. ಬಿಚ್ಚಿ ನೋಡಿದ್ದಕ್ಕೇ 1,180. ಬೋರ್ಡಿಗೆ 38,500, ಜಿಎಸ್‌ಟಿ ಬೇರೆ. ಹೂಂ ಅಂದೆ. ನಾಲ್ಕು ತಿಂಗಳಾದರೂ ಬೋರ್ಡೇ ಬರಲಿಲ್ಲ. ವಾಪಸ್ ಬರುವಾಗ ಮೇಲಿನ ಮುಚ್ಚಳದ ಸ್ಕ್ರೂ ಎರಡು ಇಲ್ಲ. ಈಗ ಅದು ಒಂದೂಕಾಲು ಲಕ್ಷದ ರೇಡಿಯೊ, ಎಂಟು ಜಾಗದಲ್ಲಿ ಅಳೆದು ಸರಿ ಮಾಡಿದ್ದು.

ಮೈಸೂರು ಹಾಲ್:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದ್ರೆ ಡಿರಾಕಾ, ಆಡಿಸ್ಸಿನಾ?

ಹುಬ್ಬಳ್ಳಿ ಜಮಖಾನ:
ಜಮಖಾನ.

ಮೂರನೇ ಮಹಡಿ:
ಪುತ್ತೂರಿನವರೇ, ಸ್ಟೆಬಿಲೈಸರ್ ಹಾಕಿರಲಿಲ್ವಾ?

ಪುತ್ತೂರು ತೋಟದಮನೆ:
ಇತ್ತು. ಡಿಶ್ ಕೇಬಲಿಗೆ ಸ್ಟೆಬಿಲೈಸರ್ ಎಲ್ಲಿ ಸಿಕ್ಕಿಸೋದು ಅಂತ ನೀವೇ ಹೇಳಿ. ತಡೀರಿ, ಘಟ್ಟದ ಕಡೆ ಗುಡುಗು ಕೇಳ್ತಾ ಉಂಟು. ಎಲ್ಲ ತೆಗೆದಿಟ್ಟು ಬರ್ತೇನೆ.