ಡಿವಿಡಿ ಡ್ರೈವ್ ರೂಟ್‌ಗೆ (ಎಲ್ಲ ಅಧಿಕಾರ ಇರುವ ಅಕೌಂಟ್‌ಗೆ) ಮಾತ್ರ ಓಪನ್ ಆಗುತ್ತದೆ, ಹುಡುಗರಿಗೆ ಇಲ್ಲ

ಪ್ರಶ್ನೆ, ಉಡುಪಿಯಿಂದ:
ನಮ್ಮ ಯಕ್ಷಗಾನ ಸಂಘದ ಕಂಪ್ಯೂಟರ್‌ಗೆ ಡೆಬಿಯನ್ ಲಿನಕ್ಸ್ ಹಾಕಿದ್ದೇನೆ. ಹಳೇ ಪ್ರಸಂಗಗಳ ಡಿವಿಡಿ ರಾಶಿ ಉಂಟು. ನಾನು ಡಿಸ್ಕ್ ಹಾಕುತ್ತೇನೆ, ಹುಡುಗರು ಮನೆಯಿಂದ ಎಸ್‌ಎಸ್‌ಎಚ್‌ನಲ್ಲಿ (ನೆಟ್‌ವರ್ಕ್ ಮೂಲಕ ದೂರದಿಂದ ಲಾಗಿನ್ ಆಗಿ) ಬಂದು ಕಾಪಿ ಮಾಡಬೇಕು, ಆದರೆ ಅವರಿಗೆ ಪರ್ಮಿಷನ್ ಇಲ್ಲ ಅಂತ ಬರುತ್ತದೆ. ಎಲ್ಲರಿಗೂ ರೂಟ್ ಪಾಸ್‌ವರ್ಡ್ ಕೊಡಲು ಧೈರ್ಯ ಇಲ್ಲ ಮಾರಾಯ್ರೆ.

ಸುರತ್ಕಲ್‌ನಿಂದ:
ಡ್ರೈವ್‌ನ ಡಿವೈಸ್ ಫೈಲಿಗೆ (ಲಿನಕ್ಸ್‌ನಲ್ಲಿ ಡ್ರೈವ್ ಕೂಡ ಒಂದು ಫೈಲ್ ಆಗಿ ಕಾಣುತ್ತದೆ) ಸುಮ್ನೆ ಸಿಎಚ್‌ಮಾಡ್ 666 ಕೊಡಿ, ಎಲ್ಲರಿಗೂ ಓದಲು ಬರೆಯಲು ಪರ್ಮಿಷನ್ ಸಿಗುತ್ತದೆ, ಮುಗೀತು.

ಮಲ್ಪೆಯಿಂದ:
ಅದು ಬೇಡ. ರೀಬೂಟ್ ಆದರೆ ಯುಡೆವ್ (ಡಿವೈಸ್ ಫೈಲ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಮ್) ಆ ಫೈಲನ್ನು ಹೊಸದಾಗಿ ಮಾಡುತ್ತದೆ, ನೀವು ಕೊಟ್ಟ 666 ಉಳಿಯುವುದಿಲ್ಲ. ಡೆಬಿಯನ್‌ನಲ್ಲಿ ಅದು ‘ಸಿಡಿರಾಮ್’ ಗ್ರೂಪಿನ ಫೈಲ್, ಹುಡುಗರನ್ನು ಆ ಗ್ರೂಪಿಗೆ ಸೇರಿಸಿದರೆ ಸಾಕು. ಅದಕ್ಕೆ ಯೂಸರ್‌ಮಾಡ್ ಕಮಾಂಡ್ ಬಳಸುವುದಾದರೆ ದೊಡ್ಡ ‘ಜಿ’ ಜೊತೆ ಸಣ್ಣ ‘ಎ’ ಮರೆಯಬೇಡಿ, ಮರೆತರೆ ಉಳಿದ ಗ್ರೂಪೆಲ್ಲ ಹೋಗುತ್ತದೆ, ನಾನು ಹಾಗೇ ಒಮ್ಮೆ ಸುಡೋ (ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಅವಕಾಶ) ಕಳಕೊಂಡು ತಲೆ ಕೆರೆದುಕೊಂಡಿದ್ದೆ. ಸೇರಿಸಿದ ಮೇಲೆ ಹುಡುಗರು ಲಾಗೌಟ್ ಆಗಿ ಮತ್ತೆ ಬರಬೇಕು.

ಉಡುಪಿಯಿಂದ:
ಆಯ್ತು, ಈಗ ಬರ್ತದೆ! ಆದರೆ ಅಲ್ಲೇ ಕೂತು ಲಾಗಿನ್ ಆದವನಿಗೆ ಮೊದಲೇ ಬರ್ತಿತ್ತಲ್ವಾ, ಅದು ಹೇಗೆ?

ಮಲ್ಪೆಯಿಂದ:
ಮೆಷಿನ್ ಎದುರು ಕೂತವನಿಗೆ ಸಿಸ್ಟಮ್‌ಡಿ (ಲಾಗಿನ್‌ಗಳನ್ನೂ ನೋಡಿಕೊಳ್ಳುವ ಸಿಸ್ಟಮ್ ಪ್ರೋಗ್ರಾಮ್) ತಾನೇ ಪರ್ಮಿಷನ್ ಕೊಡುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಬಂದವರಿಗೆ ಅದು ಇಲ್ಲ.